ಬೆಳೆದರೆ ಸಾಲದು, ಭಾರ ಹೊರಬೇಕು

‘ಲ್ಯಾಬಿನಲ್ಲಿ ಮೃದ್ವಸ್ಥಿ ಬೆಳೆಸಿದ ವಿಜ್ಞಾನಿಗಳು’ ಎಂಬಂಥ ಸುದ್ದಿ ಕಂಡಾಗಲೆಲ್ಲ, ಮೆಕ್ಯಾನಿಕಲ್ ಐದನೇ ಸೆಮಿಸ್ಟರಿನ ನನಗೆ ಏಳುವ ಪ್ರಶ್ನೆ ಒಂದೇ: ಅದು ಎಷ್ಟು ಭಾರ ತಡೆಯುತ್ತದೆ? ಸುದ್ದಿಯಲ್ಲಿ ಸಾಮಾನ್ಯವಾಗಿ ಅದೊಂದೇ ಇರುವುದಿಲ್ಲ.

ಮಂಡಿಯಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಈ ನುಣುಪಾದ ಪದರದ ದಪ್ಪ ಕೆಲವೇ ಮಿಲಿಮೀಟರ್. ಸುಮ್ಮನೆ ನಡೆದರೂ ಮಂಡಿಯ ಮೇಲೆ ದೇಹದ ತೂಕದ 2–3 ಪಟ್ಟು ಭಾರ ಬೀಳುತ್ತದೆ. ಪದರದ ಬಹುಪಾಲು ನೀರು. ಕಾಲೂರಿದಾಗ ಆ ನೀರು ತಕ್ಷಣ ಹೊರಗೆ ಹರಿಯಲಾರದೆ ಒತ್ತಡಕ್ಕೆ ಸಿಕ್ಕಿ, ಭಾರದ ದೊಡ್ಡ ಪಾಲನ್ನು ತಾನೇ ಹೊರುತ್ತದೆ. ಅದನ್ನು ಹಿಡಿದಿಡುವುದು ಕೊಲಾಜೆನ್ ಎಳೆಗಳ ಬಲೆ. ಇಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಒಮ್ಮೆ ಹಾಳಾದರೆ ತಾನಾಗಿ ಸರಿಹೋಗುವುದು ಬಲು ಅಪರೂಪ.

ಕೋಶ ಬೆಳೆಸುವುದು ಹೊಸದೇನಲ್ಲ. ರೋಗಿಯದೇ ಮೃದ್ವಸ್ಥಿ ಕೋಶಗಳನ್ನು ಹೊರಗೆ ಬೆಳೆಸಿ ಮಂಡಿಗೆ ಸೇರಿಸಿದ ವರದಿಯನ್ನು ಸ್ವೀಡನ್ನಿನ ವೈದ್ಯರು 1994ರಲ್ಲೇ ಪ್ರಕಟಿಸಿದ್ದರು. ತೊಡಕಿರುವುದು ಗಟ್ಟಿತನದಲ್ಲಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಅಗರೋಸ್ ಜೆಲ್‌ನ ಬಿಲ್ಲೆಗಳಲ್ಲಿ ಕೋಶಗಳನ್ನಿಟ್ಟು, ಸೆಕೆಂಡಿಗೊಮ್ಮೆ ಹಗುರವಾಗಿ ಒತ್ತಿ ಬಿಟ್ಟರು. ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ (ಕೋಶಗಳಿಗೂ ವೀಕೆಂಡ್ ರಜೆ!), 4 ವಾರ. ಒತ್ತದೆ ಬೆಳೆಸಿದವಕ್ಕಿಂತ ಇವು ಸುಮಾರು 6 ಪಟ್ಟು ಬಿಗಿಯಾದವು. ಗರಡಿಗೆ ಕಳಿಸಿದ ಹಾಗೆ! ಆದರೂ ಸಹಜ ಮೃದ್ವಸ್ಥಿಯ ಬಿಗಿತಕ್ಕೆ ಅವು ಬಹಳ ಹಿಂದಿದ್ದವು.

ಅಂದರೆ ಔಷಧ, ಪೋಷಕದ್ರವಗಳಷ್ಟೇ ಸಾಲವು, ಲೋಡ್ ಕೂಡ ಬೇಕು. ಈ ಮಾತು ಬಯೋಟೆಕ್‌ನವರಿಗಿಂತ ನಮಗೇ ಬೇಗ ಅರ್ಥವಾಗಬೇಕು. ‘ನಮ್ಮ ಬ್ರಾಂಚಿಗೆ ಸ್ಕೋಪ್ ಇಲ್ಲ, ಕೋಡಿಂಗ್ ಕಲಿತು ಐಟಿಗೆ ಹೋಗೋಣ’ ಎನ್ನುವ ಗೆಳೆಯರಿಗೆ ನಾನು ಹೇಳುವುದೂ ಇದನ್ನೇ. ಬಿಲ್ಲೆ ಒತ್ತುವ ಇಂಥ ಯಂತ್ರ ಕಟ್ಟಲು ಬೇಕಾದ ಮೋಟರ್, ಕ್ಯಾಮ್, ಲೋಡ್ ಸೆಲ್ ಎಲ್ಲವೂ ನಾವು ಓದಿದವೇ. ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಎಳೆದು ಮುರಿದು, ರೀಡಿಂಗ್ ಬರೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಮರೆತುಬಿಡುತ್ತೇವೆ. ಒದ್ದೆಯಾದ, ಮೆತ್ತನೆಯ, ಹೊತ್ತು ಕಳೆದಂತೆ ಬೇರೆಯಾಗಿ ವರ್ತಿಸುವ ಒಂದು ವಸ್ತುವನ್ನೂ ಆ ಲ್ಯಾಬಿನಲ್ಲಿ ಪರೀಕ್ಷಿಸುವಂತಾಗಬೇಕು.

ಬಿಗಿತ ಸಿಕ್ಕಮೇಲೂ ಅಂಚಿನ ಸಮಸ್ಯೆ ಉಳಿಯುತ್ತದೆ. ಹೊಸ ತುಂಡು ಮೆತ್ತಗಿದ್ದು ಸುತ್ತಲ ಹಳೆಯದು ಗಟ್ಟಿಯಿದ್ದರೆ, ಎರಡೂ ಕೂಡುವ ಗಡಿಯಲ್ಲಿ ಸ್ಟ್ರೆಸ್ ಹೆಚ್ಚುತ್ತದೆ, ಬೆಸುಗೆ ಬಿಡುತ್ತದೆ. ಈ ಲೆಕ್ಕದ ಮೊದಲ ಪಾಠ ನಮಗೆ ಎರಡನೇ ವರ್ಷದಲ್ಲೇ ಆಗಿದೆ.