ಕಲ್ಲಿದ್ದಲಿನ ಕಾಸು ಯಾರ ಖಜಾನೆಗೆ?

2026ರ ಜನವರಿ 1ರಿಂದ ಯುರೋಪಿನ ಬಂದರುಗಳಲ್ಲಿ ಇಳಿಯುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರಗಳಿಗೆ ಹೊಸದೊಂದು ಲೆಕ್ಕ ಶುರುವಾಗಿದೆ. ಸರಕು ತಯಾರಾಗುವಾಗ ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂದು ನೋಡಿ ಆಮದುದಾರ ದುಡ್ಡು ಕಟ್ಟಬೇಕು. ಮೊದಲ ವರ್ಷದ ಹೊರೆ ಹಗುರ. 2034ರ ಹೊತ್ತಿಗೆ ಅದು ಪೂರ್ತಿ ಭಾರವಾಗುತ್ತದೆ. ಪರಿಸರದ ಹೆಸರಿನಲ್ಲಿ ಹಾಕಿದ ಆಮದು ಸುಂಕವಿದು ಎಂಬುದು ದೆಹಲಿಯ ದೂರು.

ದೂರಿನಲ್ಲಿ ಹುರುಳಿದೆ. ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಈಗ ಗಡಿಯಲ್ಲಿ ನಿಂತು ಕೈಚಾಚುತ್ತಿದ್ದಾರೆ. ಹೀಗೆ ಬಂದ ಹಣ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆ ಬದಲಿಸಲು ಇಲ್ಲಿಗೆ ಬರುವುದಿಲ್ಲ, ಯುರೋಪಿನ ಬೊಕ್ಕಸದಲ್ಲೇ ಉಳಿಯುತ್ತದೆ. ಆದರೆ ಅದೇ ಕಾನೂನಿನಲ್ಲಿ ನಮ್ಮವರು ಅಷ್ಟಾಗಿ ಬಾಯಿಬಿಡದ ಒಂದು ಮಾತೂ ಇದೆ. ಸರಕು ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆದುಕೊಳ್ಳಬಹುದು. ಅಂದರೆ ಇಲ್ಲೇ ವಸೂಲು ಮಾಡಿದ್ದು ಇಲ್ಲೇ ಉಳಿದೀತು.

ಹಾಗೆ ವಸೂಲು ಮಾಡುವುದು ನಮಗೆ ಹೊಸತೇನಲ್ಲ. 2010ರ ಬಜೆಟ್ಟಿನಲ್ಲಿ ಪ್ರಣವ್ ಮುಖರ್ಜಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿದರು. ಅರುಣ್ ಜೇಟ್ಲಿ ಕಾಲದಲ್ಲಿ ಅದು 100, 200 ಎಂದು ಏರುತ್ತ 2016ರಲ್ಲಿ 400ಕ್ಕೆ ಮುಟ್ಟಿತು. ಅಭಿವೃದ್ಧಿಶೀಲ ದೇಶವೊಂದು ಯಾರ ಒತ್ತಾಯವೂ ಇಲ್ಲದೆ ಇಂಗಾಲಕ್ಕೆ ತೆರಿಗೆ ಹಾಕಿದೆ ಎಂದು ನಾವು ಹವಾಮಾನ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ದುಡ್ಡಿನ ಕತೆ ಬೇರೆ. 2018ರ ಮಾರ್ಚ್‌ವರೆಗೆ ವಸೂಲಾದದ್ದು 86 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಶುದ್ಧ ಇಂಧನ ನಿಧಿಗೆ ತಲುಪಿದ್ದು 30 ಸಾವಿರ ಕೋಟಿಗಿಂತ ಕಡಿಮೆ. ಖರ್ಚಾದದ್ದು 16 ಸಾವಿರ ಕೋಟಿ ಆಸುಪಾಸು. ಅಷ್ಟರಲ್ಲಿ ಜಿಎಸ್‌ಟಿ ಬಂತು. ಅದೇ 400 ರೂಪಾಯಿ ರಾಜ್ಯಗಳಿಗೆ ನಷ್ಟ ಪರಿಹಾರ ಕೊಡುವ ಸೆಸ್ ಆಗಿ ಹೆಸರು ಬದಲಿಸಿಕೊಂಡಿತು.

2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ಸೂ ಹೋಯಿತು. ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಮೇಲ್ನೋಟಕ್ಕೆ ಇದು ಬಿಗಿ ಕ್ರಮ. ಆದರೆ ಟನ್ನಿಗೆ ಇಷ್ಟು ಎಂದಿದ್ದ ತೆರಿಗೆ ಬೆಲೆಗೆ ಇಷ್ಟು ಎಂದಾದಾಗ ಅಗ್ಗದ, ಬೂದಿ ಹೆಚ್ಚಿರುವ ಕಲ್ಲಿದ್ದಲಿಗೇ ದೊಡ್ಡ ರಿಯಾಯಿತಿ ಸಿಕ್ಕಿತು. ಕೆಳದರ್ಜೆಯ ಕಲ್ಲಿದ್ದಲಿನ ಮೇಲಿನ ಹೊರೆ ಟನ್ನಿಗೆ 300 ರೂಪಾಯಿಗೂ ಮಿಕ್ಕಿ ಇಳಿಯಿತು. ಇನ್ನು ಉಕ್ಕಿನ ಕಾರ್ಖಾನೆ ಕಲ್ಲಿದ್ದಲಿಗೆ ಕಟ್ಟಿದ ಜಿಎಸ್‌ಟಿಯನ್ನು ಉಕ್ಕು ಮಾರುವಾಗ ಹೂಡುವಳಿ ತೆರಿಗೆಯ ಲೆಕ್ಕದಲ್ಲಿ ಹಿಂದಕ್ಕೆ ಪಡೆಯುತ್ತದೆ. ಅದರ ಮಟ್ಟಿಗೆ ಇಂಗಾಲದ ತೆರಿಗೆ ಸೊನ್ನೆ. ಯುರೋಪಿನ ಲೆಕ್ಕ ಶುರುವಾಗಲು ಮೂರೇ ತಿಂಗಳಿದ್ದಾಗ ನಾವು ಮಾಡಿಕೊಂಡ ಏರ್ಪಾಡಿದು!

ಇಂಗಾಲದ ಮಾರುಕಟ್ಟೆ ಬರುತ್ತಿದೆಯಲ್ಲ ಎನ್ನಬಹುದು. 2023ರಲ್ಲಿ ಅಧಿಸೂಚನೆಯಾದ ಆ ಯೋಜನೆಯಲ್ಲಿ ಗುರಿ ಮೀರಿ ಹೊಗೆ ಬಿಟ್ಟ ಕಂಪನಿ, ಗುರಿಗಿಂತ ಕಡಿಮೆ ಬಿಟ್ಟ ಕಂಪನಿಯಿಂದ ಕ್ರೆಡಿಟ್ ಕೊಳ್ಳಬೇಕು. ಒಳ್ಳೆಯದೇ. ಆದರೆ ಹಣ ಕಂಪನಿಯಿಂದ ಕಂಪನಿಗೆ ಸಾಗುತ್ತದೆ. ಧೂಳು ಕುಡಿದ ಊರು ಆ ವ್ಯವಹಾರದಲ್ಲಿ ಎಲ್ಲೂ ಬರುವುದಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಯ ಕಾನೂನಿನಲ್ಲಿ ಊರು ಬರುತ್ತದೆ, ದಾನ ಪಡೆಯುವವರ ಸಾಲಿನಲ್ಲಿ. 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ತೆಗೆದಿಡಬೇಕು. ಲಾಭ ಹೇಗೆ ಬಂತೆಂದು ಆ ಲೆಕ್ಕ ಕೇಳುವುದಿಲ್ಲ. ಗುಡ್ಡ ಅಗೆದು ಕೆರೆಗೆ ಹೂಳು ತುಂಬಿಸಿದವರು ಅದೇ ಊರಿನ ಶಾಲೆಗೆ ಬಣ್ಣ ಹೊಡೆಸಿ ಬೋರ್ಡು ಹಾಕಿಸಿಕೊಂಡರೂ ಆ ಲೆಕ್ಕ ಚುಕ್ತಾ.

ಕೆಡಿಸಿದವನೇ ಕಟ್ಟಬೇಕು ಎಂಬ ನಿಯಮ ನಿಜವಾಗಿ ಜಾರಿಯಾದದ್ದು ನಮ್ಮ ಬಳ್ಳಾರಿಯಲ್ಲಿ, ಅದೂ ಸುಪ್ರೀಂ ಕೋರ್ಟಿನ ಕೈಯಿಂದ. 2013ರ ಏಪ್ರಿಲ್ ತೀರ್ಪಿನಂತೆ ಕಬ್ಬಿಣದ ಅದಿರು ಮಾರಾಟದ ಹಣದಲ್ಲಿ ಪಾಲು ತೆಗೆದು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಊರುಗಳಿಗೆಂದು ಕೂಡಿಡಲಾಯಿತು. 2014ರಲ್ಲಿ ಅದಕ್ಕೊಂದು ನಿಗಮವೂ ಬಂತು. ಹಣ ಸಾವಿರಾರು ಕೋಟಿಗೆ ಬೆಳೆಯಿತು, ಬಡ್ಡಿಯೂ ಸೇರಿತು. ಆದರೆ ಖರ್ಚಿನ ಯೋಜನೆ ಕಡತಗಳಲ್ಲೇ ಓಡಾಡಿ, 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಕೋರ್ಟೇ ಮೇಲುಸ್ತುವಾರಿಗೆ ನೇಮಿಸಬೇಕಾಯಿತು. ಸಂಡೂರಿನಲ್ಲಿ ಗಣಿ ಲಾರಿಗಳ ಹಿಂದೆ ಕೆಂಪಾದ ಮನೆಗೋಡೆಗಳನ್ನು ನೋಡಿದ ಯಾರಿಗೂ ಈ ವಿಳಂಬವನ್ನು ಬರೀ ಕಚೇರಿ ಸೋಮಾರಿತನ ಎಂದು ಕ್ಷಮಿಸಲು ಮನಸ್ಸಾಗದು.

ಹಾಗೆಂದು ಎಲ್ಲಕ್ಕೂ ದೆಹಲಿಯತ್ತ ಬೊಟ್ಟು ಮಾಡಿ ಕೂರಬೇಕಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡತಿನಿ ಸ್ಥಾವರಗಳಿಗೆ ಕಲ್ಲಿದ್ದಲು ಹೊರಗಿನಿಂದಲೇ ರೈಲು ರೇಕುಗಳಲ್ಲಿ ಬರಬೇಕು. ವಿದ್ಯುತ್ತಿಗೆ ಜಿಎಸ್‌ಟಿಯಿಂದ ವಿನಾಯಿತಿ ಇರುವುದರಿಂದ ಆ ಸ್ಥಾವರಗಳು ಕಟ್ಟಿದ ತೆರಿಗೆ ಹಿಂದಕ್ಕೆ ಸಿಗದು. ಜಿಎಸ್‌ಟಿ ಬಳಸುವ ರಾಜ್ಯಕ್ಕೆ ಸೇರುವ ತೆರಿಗೆಯಾದ್ದರಿಂದ ಆ ಶೇ 18ರಲ್ಲಿ ಅರ್ಧ ಬೆಂಗಳೂರಿನ ಖಜಾನೆಗೇ ಬರುತ್ತದೆ. ಮೊದಲಿದ್ದ ಸೆಸ್ ಹೀಗೆ ನೇರವಾಗಿ ಬರುತ್ತಿರಲಿಲ್ಲ. ಕೊನೆಗೆ ಆ ತೆರಿಗೆಯ ಹೊರೆ ನಮ್ಮ ಕರೆಂಟ್ ಬಿಲ್ಲಿನ ಮೇಲೇ ಬೀಳುವುದು. ಆ ಹಣವನ್ನು ಮುಂದಿನ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತಿನಡಿ ತೋರಿಸಿ, ಹಾರುಬೂದಿ ನುಂಗುತ್ತಿರುವ ಶಕ್ತಿನಗರದ ಸುತ್ತಲಿನ ಹಳ್ಳಿಗಳಿಗೆ ಎಷ್ಟು ಕೊಟ್ಟಿರಿ ಎಂದು ರಾಯಚೂರಿನ ಶಾಸಕರು ಸದನದಲ್ಲಿ ಕೇಳಲಿ. ಅದಕ್ಕೆ ಯುರೋಪಿನ ಅಪ್ಪಣೆ ಬೇಕಿಲ್ಲ, ಸುಪ್ರೀಂ ಕೋರ್ಟಿನದೂ ಬೇಕಿಲ್ಲ.