ಮನೆಯ ವಿಮೆ: ಕಂತಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳು ಗಲ್ಫ್ ರಾಷ್ಟ್ರಗಳಲ್ಲಿ ವರ್ಷಗಟ್ಟಲೆ ದುಡಿದವರ ಬೆವರಿನಿಂದ ಎದ್ದು ನಿಂತಿವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2024ರ ಜುಲೈಯಲ್ಲಿ ನೆರೆಯ ವಯನಾಡಿನಲ್ಲಿಯೂ ಗುಡ್ಡಗಳು ಕುಸಿದಾಗ, ಒಂದು ಆಯುಷ್ಯದ ದುಡಿಮೆ ಕ್ಷಣಮಾತ್ರದಲ್ಲಿ ಮಣ್ಣುಪಾಲಾಗುವುದನ್ನು ನಾವು ಕಂಡೆವು. ಆದರೂ ಮನೆಯ ವಿಮೆಯ ಮಾತು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ‘ಕಂತು ಎಷ್ಟು?’ ಎಂಬುದು. ‘ಮನೆ ಬಿದ್ದರೆ ಕೈಗೆ ಬರುವುದೆಷ್ಟು?’ ಎಂದು ಕೇಳುವವರು ವಿರಳ.

ವಿಮೆಯ ಧಾರ್ಮಿಕ ಮುಖವನ್ನು ನಾವು ಕಡೆಗಣಿಸುವಂತಿಲ್ಲ. ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಅನಿಶ್ಚಿತತೆಯ ಅಂಶವಿರುವುದರಿಂದ ಅದು ಸಮ್ಮತವಲ್ಲವೆಂದೂ ಪರಸ್ಪರ ಸಹಕಾರದ ವಿಮೆಯೇ ಪರ್ಯಾಯವೆಂದೂ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲಿ ನಿರ್ಣಯಿಸಿತು. ಆದರೆ ಮಲೇಶಿಯಾದಲ್ಲಿರುವಂತಹ ತಕಾಫುಲ್ ಕಂಪೆನಿಗಳು ನಮ್ಮ ದೇಶದಲ್ಲಿಲ್ಲ. ಗಲಭೆಗಳಲ್ಲಿ ಮನೆ-ಮಳಿಗೆಗಳು ಸುಟ್ಟುಹೋಗುವ ಇಲ್ಲಿನ ಪರಿಸ್ಥಿತಿಯನ್ನು ಗಮನಿಸಿ, ಅನಿವಾರ್ಯತೆಯ ನೆಲೆಯಲ್ಲಿ ಆಸ್ತಿಯ ವಿಮೆಗೆ ಅವಕಾಶವಿದೆಯೆಂದು ಹೇಳಿದ ಭಾರತೀಯ ವಿದ್ವಾಂಸರೂ ಇದ್ದಾರೆ. ಪ್ರತಿಯೊಂದು ಕುಟುಂಬವೂ ತಾನು ನಂಬುವ ವಿದ್ವಾಂಸರಲ್ಲಿ ವಿಚಾರಿಸಿ ನಿರ್ಧರಿಸಲಿ. ಆದರೆ ಅಸಡ್ಡೆಗೆ ತವಕ್ಕುಲ್ ಎಂಬ ಹೆಸರು ಕೊಡುವುದು ಬೇಡ. ಬರಗಾಲಕ್ಕೆ ಮುನ್ನವೇ ಧಾನ್ಯ ಕೂಡಿಡುವ ಉಪಾಯ ತೋರಿಸಿದ ಪ್ರವಾದಿ ಯೂಸುಫ್(ಅ) ಅಲ್ಲಾಹನಲ್ಲಿ ಭರವಸೆಯಿಟ್ಟವರೇ ಆಗಿದ್ದರು.

ವಿಮೆ ಮಾಡಿಸಲು ನಿರ್ಧರಿಸಿದವರು ಹೋಲಿಸಬೇಕಾದುದು ಏನನ್ನು? ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಜಾಗದ ಬೆಲೆಯಲ್ಲ, ಮನೆಯನ್ನು ಮತ್ತೆ ಕಟ್ಟುವ ವೆಚ್ಚ. ಸಾವಿರ ಚದರ ಅಡಿಯ ಮನೆಗೆ ಅಡಿಗೆ 2,000 ರೂಪಾಯಿ ತಗಲುವುದಾದರೆ ವಿಮಾ ಮೊತ್ತ 20 ಲಕ್ಷ. ಅದರ ಶೇ. 20ರಷ್ಟು, ಅಂದರೆ 4 ಲಕ್ಷ, ಮನೆಸಾಮಾನುಗಳಿಗೆ ತಾನಾಗಿಯೇ ಸೇರುತ್ತದೆ. ಇದರ ಗರಿಷ್ಠ ಮಿತಿ 10 ಲಕ್ಷ.

ಕಂತು ಉಳಿಸಲು 10 ಲಕ್ಷವನ್ನಷ್ಟೇ ನಮೂದಿಸಿದರೆ ಏನಾಗುತ್ತದೆ? ಈ ಪಾಲಿಸಿಯಲ್ಲಿ ಸಣ್ಣಪುಟ್ಟ ಹಾನಿಯ ಪರಿಹಾರ ಆ ಕಾರಣಕ್ಕೆ ಕಡಿತಗೊಳ್ಳದು. ಆದರೆ ಇಡೀ ಮನೆ ನೆಲಕಚ್ಚಿದರೆ ಕಟ್ಟಡಕ್ಕೆ ಸಿಗುವುದು 10 ಲಕ್ಷ ಮಾತ್ರ. ಕಂತಿನಲ್ಲಿ ಉಳಿದ ಕೆಲವು ನೂರು ರೂಪಾಯಿ ಆಗ ಅರ್ಧ ಮನೆಯನ್ನು ನುಂಗಿರುತ್ತದೆ.

ವ್ಯಾಪ್ತಿಗೆ ಬಾರದ ಸಂಗತಿಗಳನ್ನೂ ಓದಲೇಬೇಕು. ಉಳ್ಳಾಲದಂತಹ ಊರುಗಳನ್ನು ಕಾಡುವ ಕಡಲ್ಕೊರೆತಕ್ಕೆ ಇದರಲ್ಲಿ ಪರಿಹಾರವಿಲ್ಲ. ವಿಮೆಗೊಳಪಟ್ಟ ಅವಘಡ ನಡೆದ ಏಳು ದಿನಗಳೊಳಗೆ ಆಗುವ ಕಳವಿಗೆ ರಕ್ಷಣೆಯುಂಟು. ಸಾಮಾನ್ಯ ಕಳ್ಳತನಕ್ಕೆ ಬೇರೆ ವಿಮೆಯೇ ಬೇಕು. ಮದುವೆಯ ಚಿನ್ನಕ್ಕೂ ಪ್ರತ್ಯೇಕ ರಕ್ಷಣೆ ಕೇಳಿ ಪಡೆಯಬೇಕು. ಸಾಲದ ಜೊತೆ ಬಂದ ಪಾಲಿಸಿಯಾದರೆ, ಅದು ಸಾಲದ ಮೊತ್ತಕ್ಕಷ್ಟೇ ಸೀಮಿತವೇ ಎಂಬುದನ್ನು ನೋಡಿರಿ.

ಇನ್ನು, ವಿಮೆ ಬೇಡವೆಂದು ತೀರ್ಮಾನಿಸಿದವರ ಹೊಣೆಯೂ ಅಲ್ಲಿಗೆ ಮುಗಿಯದು. ಕಂತಿಗೆ ಕೊಡುತ್ತಿದ್ದಷ್ಟು ಹಣವನ್ನು ಪ್ರತಿವರ್ಷ ಬದಿಗಿಡಬಹುದು. ಪ್ರತಿಯೊಂದು ಜಮಾಅತ್ ವಿಪತ್ತಿನ ನಿಧಿಯೊಂದನ್ನು ಕಟ್ಟಿ, ಪಾರದರ್ಶಕ ಲೆಕ್ಕವಿಟ್ಟು, ಮನೆ ಕಳಕೊಂಡವರಿಗೆ ಯಾಚನೆಗೆ ಮೊದಲೇ ನೆರವಾಗಬಹುದು. ಸಹಕಾರದ ವಿಮೆಯ ತಿರುಳು ಇದುವೇ. ಪರ್ಯಾಯವನ್ನು ಕಟ್ಟದೆ ಬರೇ ನಿಷೇಧವನ್ನು ಹೇಳುತ್ತಾ ಕುಳಿತರೆ ಮಳೆಗಾಲದಲ್ಲಿ ಬೀದಿಗೆ ಬೀಳುವುದು ನಮ್ಮವರೇ ಆದ ಬಡ ಕುಟುಂಬಗಳು.

ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ, ಮುಂದಾಲೋಚನೆಯ ವಿವೇಕವನ್ನೂ ನಮಗೆ ಕರುಣಿಸಲಿ.