ಎರಡನೇ ಕೋರ್ಸ್‌ಗೆ ಮೊದಲು ಎರಡನೇ ಸ್ಕ್ಯಾನ್

"ಹುಳದ ಮಾತ್ರೆ ಪೂರ್ತಿ ನುಂಗಿಸಿದ್ವಿ ಡಾಕ್ಟ್ರೇ, ಫಿಟ್ಸ್ ಮತ್ತೆ ಬಂತು. ಇನ್ನೊಂದ್ ಸಲ ಬರ್‍ಕೊಡ್ರಿ." ದಾವಣಗೆರೆಯಲ್ಲಿ ನರರೋಗ ನೋಡುವ ನನಗೆ ಈ ಮಾತು ಹೊಸದಲ್ಲ. ನಾನು ಬರೆದುಕೊಡುವುದಿಲ್ಲ. ಮೊದಲು ಸ್ಕ್ಯಾನ್ ಮಾಡಿಸಿ ಎನ್ನುತ್ತೇನೆ. ಆಗ ಅವರಲ್ಲಿ ಹಲವರು ನೇರ ಔಷಧಿ ಅಂಗಡಿಗೆ ಹೋಗಿ ಆಲ್ಬೆಂಡಜೋಲ್ ಕೊಂಡುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ಮೆದುಳು ಸೇರಿದ ಲಾಡಿಹುಳುವಿನ ಮರಿ ಮಾತ್ರೆಗೆ ಬಗ್ಗಲಿಲ್ಲವೆಂದರೆ, ಹುಳು ಔಷಧಿಯನ್ನು ಜೀರ್ಣಿಸಿಕೊಂಡಿತು ಎಂದೇ ತಿಳಿಯಬೇಕಿಲ್ಲ. ಅದು ಎಲ್ಲಿದೆ, ಬದುಕಿದೆಯೋ ಸತ್ತಿದೆಯೋ ಎಂಬುದು ಮುಖ್ಯ. ಬದುಕಿರುವ ಮರಿಯ ಚೀಲ, ಅಂದರೆ ಕೋಶ, ದೇಹದ ಕಾವಲನ್ನು ವಂಚಿಸಿ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಮೆದುಳಿನ ತಳದ ದ್ರವದಲ್ಲಿ ದ್ರಾಕ್ಷಿ ಗೊಂಚಲಿನಂತೆ ಹಬ್ಬಿದ್ದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಕುಹರದೊಳಗೆ ಸೇರಿದ್ದರೆ ಎಂಡೋಸ್ಕೋಪ್‌ನಿಂದ ತೆಗೆಯುವುದೇ ಎಷ್ಟೋ ಸಲ ಒಳ್ಳೆಯದು. ಸುಣ್ಣಗಟ್ಟಿದ ಗಂಟಾದರೆ ಹುಳು ಆಗಲೇ ಸತ್ತಿದೆ. ಫಿಟ್ಸ್ ಬರುತ್ತಿರುವುದು ಅದು ಉಳಿಸಿದ ಕಲೆಯಿಂದ. ಅಂಥವರಿಗೆ ಬೇಕಾದದ್ದು ಫಿಟ್ಸ್ ಮಾತ್ರೆ. ಅದನ್ನು ನಿಲ್ಲಿಸಿ ಹುಳದ ಮಾತ್ರೆ ನುಂಗಿಸುವವರನ್ನು ಕಂಡಾಗ ಸಂಕಟವಾಗುತ್ತದೆ.

ಔಷಧಿ ರಕ್ತಕ್ಕೆ ಸಾಕಷ್ಟು ಸೇರದಿರುವುದೂ ಉಂಟು. ಬರಿಹೊಟ್ಟೆಯಲ್ಲಿ ಆಲ್ಬೆಂಡಜೋಲ್ ಸರಿಯಾಗಿ ಹೀರಿಕೆಯಾಗದು. ಎಣ್ಣೆ, ತುಪ್ಪದ ಊಟದ ಜೊತೆ ನುಂಗಬೇಕು. ಫಿಟ್ಸ್‌ಗೆಂದು ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಕೂಡ ಅದರ ಮಟ್ಟ ತಗ್ಗಿಸುತ್ತವೆ. ಎಲ್ಲ ಸರಿಯಿದ್ದರೂ ಒಂದೇ ಕೋರ್ಸ್‌ಗೆ ಮಿತಿಯಿದೆ. ಪೆರುವಿನಲ್ಲಿ ಹೆಕ್ಟರ್ ಗಾರ್ಸಿಯಾ ತಂಡ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾಡಿಕೆಯ ಪ್ರಮಾಣದ ಆಲ್ಬೆಂಡಜೋಲ್ ಒಂದನ್ನೇ ಪಡೆದವರಲ್ಲಿ ಶೇ. 37 ಮಂದಿಗೆ ಮಾತ್ರ ಎಲ್ಲ ಕೋಶಗಳೂ ಮಾಯವಾದವು. ಪ್ರಾಜಿಕ್ವಾಂಟೆಲ್ ಎಂಬ ಇನ್ನೊಂದು ಹುಳದ ಮಾತ್ರೆ ಜೊತೆಗಿದ್ದಾಗ ಅದು ಶೇ. 64.

ಹಾಗೆಂದು ಎರಡನ್ನೂ ಅಂಗಡಿಯಲ್ಲಿ ಕೇಳಿ ತರಬೇಡಿ. ಕೋಶ ಸಾಯುವಾಗಲೇ ಮೆದುಳು ಊದಿಕೊಳ್ಳುತ್ತದೆ, ಅದಕ್ಕೇ ಸ್ಟಿರಾಯ್ಡ್ ಕೊಡುವುದು. ಮೆದುಳು ಮೊದಲೇ ಬಾತಿದ್ದರೆ ಹುಳದ ಮಾತ್ರೆ ಜೀವಕ್ಕೇ ಎರವಾಗಬಹುದು. ಕಣ್ಣಿನೊಳಗೂ ಕೋಶವಿದ್ದರೆ ದೃಷ್ಟಿ ಹೋದೀತು. ಶುರುಮಾಡುವ ಮುನ್ನ ಕಣ್ಣು ಪರೀಕ್ಷೆ ಆಗಲೇಬೇಕು.

ಹಂದಿಮಾಂಸ ತಿಂದವರಿಗಷ್ಟೇ ಈ ರೋಗ ಎಂದುಕೊಳ್ಳಬೇಡಿ. "ನಾವು ಹಂದಿ ಮುಟ್ಟೋದೇ ಇಲ್ಲ" ಎನ್ನುವವರಿಗೂ ಇದು ಬರುತ್ತದೆ. ಹೊಟ್ಟೆಯಲ್ಲಿ ಲಾಡಿಹುಳು ಇರುವ ಮನುಷ್ಯನ ಮಲದ ಮೊಟ್ಟೆ ಕೈಯಿಂದ, ಹಸಿ ತರಕಾರಿಯಿಂದ ಬಾಯಿಗೆ ಸೇರಿದರೆ ಸಾಕು. ಹೊಸ ಕೋಶ ಕಂಡರೆ ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ.

ಸ್ಕ್ಯಾನ್‌ಗೆ ಮೆಕ್ಕೆಜೋಳ ಮಾರಿದ ದುಡ್ಡು ಹೋಗುತ್ತದೆ, ಗೊತ್ತು. ಸುಣ್ಣಗಟ್ಟಿದೆಯೇ ಎಂದು ನೋಡಲು ಸಾಮಾನ್ಯ ಸಿಟಿ ಸ್ಕ್ಯಾನ್ ಸಾಕು. ಈ ರೋಗಿಗಳಿಗೆ ಮರುಸ್ಕ್ಯಾನ್ ಅನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಲಿ, ಆ ವರದಿಯಿಲ್ಲದೆ ಎರಡನೇ ಕೋರ್ಸ್ ಯಾರೂ ಬರೆಯದಿರಲಿ.